ಹುಸೇನ್ ಶಹಾನವರೆಗೆ

ಬಿಂದುರಾವ್ ಇನಾಮದಾರರು ಯಾರ ಮನೆಗೆ ಹೋದರೂ ಮೊದಲು ಕುರ್ಚಿಗಳನ್ನು ನೋಡುತ್ತಿದ್ದರು. ನಾವು ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿಗೆ ಶಿಫ್ಟ್ ಆದ ಹೊಸದರಲ್ಲಿ, ಹಿಂದಿನ ಬೀದಿಯ ಕನ್ನಡದವರು ಎಂದು ಪರಿಚಯ ಹೇಳಿಕೊಂಡು ಬಂದವರು ಹಾಲಿನ ಮಧ್ಯೆ ನಿಂತೇ ಇದ್ದರು. ನಾನು ಟೀವಿ ಎದುರಿನ ರಿಕ್ಲೈನರ್ ತೋರಿಸಿ, ‘ಕೂತ್ಕೊಳ್ಳಿ ಅಂಕಲ್’ ಎಂದೆ. ಅವರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ‘ಇದರಾಗ ದಿನಾ ಯಾರು ಕೂಡ್ತಾರ್ರಿ?’ ಎಂದು ವಿಚಾರಿಸಿದರು. ನನ್ನ ಗಂಡ ಎಂದೆ. ‘ಹಂಗಾರ ನಮಗ ಬ್ಯಾಡ್ರಿ. ಸುಮ್ಮನ ರಾಜ್ಯ ಬದಲಾಗ್ತದ’ ಎಂದವರೇ ಊಟದ ಮೇಜಿನ ಕಡೆಯಿಂದ ಒಂದು ಮರದ ಕುರ್ಚಿ ಎಳೆದುಕೊಂಡು ಕೂತರು.

ಕಾಫಿ ಕುಡಿಯುತ್ತಾ ಕಾರಣ ವಿವರಿಸಿದರು. ಬಂಗಾಳದಲ್ಲಿ ಸುಲ್ತಾನರು ಆಳುತ್ತಿದ್ದ ಕಾಲದಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತಂತೆ. ರಾಜನ ಮಗನೇ ರಾಜನಾಗಬೇಕು ಎಂದೇನೂ ಇಲ್ಲ. ಇದ್ದವನನ್ನು ಮುಗಿಸಿ ಯಾವನು ಸಿಂಹಾಸನದ ಮೇಲೆ ಕೂರುತ್ತಾನೋ ಅವನೇ ಸುಲ್ತಾನ. ಸೇನಾಪತಿ, ಮಂತ್ರಿ, ಅಡುಗೆಯವನು, ಎಲ್ಲರೂ ಆ ಗಳಿಗೆಯಿಂದ ಅವನಿಗೇ ಸಲಾಮು ಹೊಡೆಯಬೇಕು. ‘ಮನಷ್ಯಾಗ ನಿಷ್ಠಾ ಅಲ್ರಿ, ಗಾದಿಗೆ ನಿಷ್ಠಾ. ಎಷ್ಟು ಆರಾಮ ನೋಡ್ರಿ! ಇಲೆಕ್ಷನ್ ಇಲ್ಲ, ಪ್ರಚಾರ ಇಲ್ಲ’ ಎಂದರು. ನಮ್ಮ ಮನೆಯಲ್ಲಿ ರಿಮೋಟ್ ಯಾರ ಕೈಯಲ್ಲಿದೆಯೋ ಅವರೇ ಸುಲ್ತಾನರು ಎಂದು ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ. ಗಂಭೀರವಾಗಿ ಯೋಚಿಸಿ, ‘ಅದೂ ನಡೀತದ’ ಎಂದರು.

ಇದು ತೊಂಬತ್ತರ ದಶಕದ ಕೊನೆಯ ಮಾತು. ಇನಾಮದಾರರು ವಿಜಾಪುರದವರು, ಧಾರವಾಡದ ಕಡೆ ಯಾವುದೋ ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕರಾಗಿದ್ದವರು. ಹೆಂಡತಿ ಸುಧಾ ಅರಿವಳಿಕೆ ತಜ್ಞೆ. ಅವರಿಗೆ ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ಇವರು ರಾಜೀನಾಮೆ ಕೊಟ್ಟು ಜೊತೆಗೆ ಬಂದರು. ಅಡುಗೆ, ಬಟ್ಟೆ, ತರಕಾರಿ, ಭಾನುವಾರ ನಮ್ಮ ಮಕ್ಕಳಿಗೆ ಕನ್ನಡ ಪಾಠ, ಎಲ್ಲ ಇವರದು. ‘ಅಕಿ ಮಂದಿನ್ನ ಸೂಜಿ ಚುಚ್ಚಿ ಮಲಗಸ್ತಾಳ, ನಾ ಬರೇ ಮಾತಾಡಿ ಮಲಗಸ್ತೀನಿ. ಮನಿತನದ ವೃತ್ತಿ ಒಂದ’ ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ಗೋಳಗುಮ್ಮಟದ ನೆರಳಿನಲ್ಲಿ ಬೆಳೆದವರು ಆದಿಲ್‌ಶಾಹಿಗಳನ್ನು ಬಿಟ್ಟು ಬಂಗಾಳಕ್ಕೆ ಯಾಕೆ ಹೋದಿರಿ ಎಂದು ಎಲ್ಲರೂ ಕೇಳುತ್ತಿದ್ದರು. ಅದಕ್ಕೆ ಅವರ ಪಿಎಚ್‌ಡಿ ಗೈಡ್ ಕಾರಣ. ಆ ಮಹಾಶಯರಿಗೆ ಅಳಿಯಂದಿರು ಬಹಳ. ಒಬ್ಬನಿಗೆ ಆದಿಲ್‌ಶಾಹಿ ಹೋಯಿತು, ಇನ್ನೊಬ್ಬನಿಗೆ ಬಹಮನಿ, ಮತ್ತೊಬ್ಬನಿಗೆ ವಿಜಯನಗರ. ‘ಪಂಕ್ತಿ ಕೊನಿಗೆ ಕೂತವಗ ಪಾತೇಲಿ ತಳದಾಗಿನ ಸಾರು ಬಡಸ್ತಾರಲ್ರಿ, ಹಂಗ ನನ್ನ ಎಲಿಗೆ ಬಂಗಾಳ ಬಿತ್ತು. ಆದ್ರ ಖರೇ ಹೇಳ್ತೀನಿ, ಬ್ಯಾಳಿ ಎಲ್ಲಾ ತಳದಾಗ ಇತ್ತು!’ ಬಂಗಾಳದ ಸುಲ್ತಾನರ ಪೈಕಿ ಎಲ್ಲರಿಗಿಂತ ಒಳ್ಳೆಯವನು ಹುಸೇನ್ ಶಹಾ ಎಂಬವನು. ಇನಾಮದಾರರು ಬರೆಯುತ್ತಾ ಬರೆಯುತ್ತಾ ಅವನ ಅಧ್ಯಾಯದ ಹೊಸಿಲಿಗೆ ಬಂದಾಗ ಗೈಡ್ ತೀರಿಕೊಂಡರು. ಪ್ರಬಂಧ ಅಲ್ಲಿಗೇ ನಿಂತಿತು.

ಅವರ ಕಾರಿನಲ್ಲಿ ಕೂತರೆ ಟೆಕ್ಸಸ್ ಮಾಯವಾಗಿಬಿಡುತ್ತಿತ್ತು. ಹ್ಯೂಸ್ಟನ್ ಎಂದರೆ ಬಂಗಾಳ. ತಗ್ಗು ನೆಲ, ಎಲ್ಲಿ ನೋಡಿದರೂ ನೀರು, ಸೊಳ್ಳೆ, ಮೈಯೆಲ್ಲ ಅಂಟು ಬೆವರು. ಉತ್ತರಕ್ಕೆ ಡಲ್ಲಾಸ್ ಎಂದರೆ ದಿಲ್ಲಿ. ಒಣ ಹವೆ, ದೊಡ್ಡ ದರ್ಬಾರು, ದಕ್ಷಿಣದವರೆಲ್ಲ ತಮ್ಮ ಕೈಕೆಳಗಿದ್ದಾರೆ ಎಂಬ ಭ್ರಮೆ. ನಡುವೆ ಆಸ್ಟಿನ್ ಎಂದರೆ ಜೌನಪುರ. ಅದೂ ಒಂದು ಸಣ್ಣ ಸುಲ್ತಾನರ ರಾಜ್ಯ, ಅಲ್ಲಿನವರಿಗೆ ಹಾಡಿನ ಹುಚ್ಚು. ನನ್ನ ಮಗಳು ನಿಧಿ ಭೂಗೋಳದ ಪರೀಕ್ಷೆಯಲ್ಲಿ ಆಸ್ಟಿನ್ ಪಕ್ಕ ಜೌನಪುರ ಎಂದು ಬರೆದು ಬಂದಳು. ಟೀಚರ್ ನನಗೆ ಫೋನ್ ಮಾಡಿ ಅದು ಎಲ್ಲಿದೆ ಎಂದು ಕೇಳಿದರು.

ಹೀಗೆ ಎಲ್ಲದಕ್ಕೂ ಅವರ ಬಳಿ ಒಬ್ಬ ಸುಲ್ತಾನ ಸಿದ್ಧನಿದ್ದ. ಒಮ್ಮೆ ಮನೆ ಮುಂದಿನ ಹುಲ್ಲನ್ನು ಕಿತ್ತು ಮೆಂತ್ಯ ಬಿತ್ತಿದರು. ನಮ್ಮ ಬಡಾವಣೆಯ ಅಸೋಸಿಯೇಷನ್ ಕಡೆಯಿಂದ ಒಬ್ಬಾತ ಟೈ ಕಟ್ಟಿಕೊಂಡು ತಕರಾರಿಗೆ ಬಂದ. ಇನಾಮದಾರರು ಬಾಗಿಲು ಹಾಕಿಕೊಂಡು ಒಳಗೆ ಕೂತುಬಿಟ್ಟರು. ಆತ ದಿನವೂ ಬಂದು ಬೆಲ್ ಒತ್ತುವುದು, ಇವರು ಪರದೆಯ ಸಂದಿಯಿಂದ ನೋಡುವುದು. ‘ಬಾಗಿಲು ತೆಗೆದು ಏನಾದ್ರೂ ಒಂದು ಹೇಳಿ ಕಳಿಸಬಾರದಾ ಅಂಕಲ್?’ ಎಂದು ಫೋನಿನಲ್ಲಿ ಕೇಳಿದೆ.

‘ತಡೀರಿ ವೀಣಾ ಬಾಯಿ. ಇಲಿಯಾಸ್ ಶಹಾ ಏನ್ ಮಾಡಿದ? ದಿಲ್ಲಿ ಫೌಜು ಬಂದಾಗ ಏಕ್‌ದಾಲಾ ಕೋಟಿ ಹೊಕ್ಕೊಂಡು ಸುಮ್ಮನ ಕೂತ. ಸುತ್ತಲೂ ನೀರು. ಮಳಿಗಾಲ ಬರ್ಲಿ ಅಂತ ಕಾದ. ಸೊಳ್ಳಿ ಕಡಿಸ್ಕೊಂಡು ದಿಲ್ಲಿಯವರು ತಾವ ಹೊಂಟು ಹೋದ್ರು.’

ಆ ವಾರವೇ ಹ್ಯೂಸ್ಟನ್ನಿನ ಮಳೆ ಹುಯ್ಯಿತು. ಟೈ ಕಟ್ಟಿದವನ ಬೂಟು ಮೆಂತ್ಯದ ಮಡಿಯಲ್ಲಿ ಹೂತುಕೊಂಡಿತು. ಬೂಟು ಬಿಟ್ಟು ಬರಿ ಸಾಕ್ಸಿನಲ್ಲಿ ಕಾರು ಹತ್ತಿದವನು ಮತ್ತೆ ಬರಲಿಲ್ಲ. ಇನಾಮದಾರರು ಬೂಟನ್ನು ತೊಳೆದು ಒಣಗಿಸಿ, ಒಳಗೆ ಒಂದು ಕಟ್ಟು ಮೆಂತ್ಯ ಸೊಪ್ಪು ಇಟ್ಟು ಅಸೋಸಿಯೇಷನ್ ಆಫೀಸಿಗೆ ತಲುಪಿಸಿ ಬಂದರು.

ಬಂಗಾಲಿ ಭಾಷೆಯನ್ನು ಅವರು ಕಲಿತದ್ದು ಧಾರವಾಡದಲ್ಲಿ ಕೂತು, ಹಳೆಯ ಪುಸ್ತಕಗಳಿಂದ. ಅದನ್ನು ಪ್ರಯೋಗಿಸಲು ಅವರಿಗೆ ಸಿಕ್ಕ ಜಾಗ ಬಾಂಗ್ಲಾದೇಶದ ಶಫೀಕ್ ಭಾಯಿಯ ಮೀನಿನಂಗಡಿ. ಬೆಳ್ಳುಳ್ಳಿಯನ್ನೂ ಮುಟ್ಟದ ಈ ಮನುಷ್ಯ ಐಸಿನ ಮೇಲೆ ಮಲಗಿದ ಮೀನುಗಳ ಎದುರು ನಿಂತು ಗಂಟೆಗಟ್ಟಲೆ ಮಾತಾಡಿ, ಕೊನೆಗೆ ಒಂದು ನಿಂಬೆಹಣ್ಣು ಕೊಂಡು ಬರುತ್ತಿದ್ದರು. ಶಫೀಕ್ ಭಾಯಿ ಒಮ್ಮೆ ನನ್ನ ಬಳಿ ಹಿಂದಿಯಲ್ಲಿ ಹೇಳಿಕೊಂಡ: ಇವರ ಬಂಗಾಲಿ ಕೇಳಿದರೆ ತನ್ನ ಮುತ್ತಜ್ಜನ ಮುತ್ತಜ್ಜ ಗೋರಿಯಿಂದ ಎದ್ದು ಬಂದು ಮೀನಿನ ದರ ಕೇಳಿದ ಹಾಗೆ ಆಗುತ್ತದಂತೆ.

ಇಷ್ಟೆಲ್ಲ ಇದ್ದ ಮನುಷ್ಯನಿಗೆ ಒಂದೇ ಒಂದು ಕೊರಗು. ಪ್ರತಿ ವರ್ಷ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಅವರ ಭಾಷಣ ಇರುತ್ತಿತ್ತು, ಮಕ್ಕಳ ಛದ್ಮವೇಷಕ್ಕೂ ಊಟಕ್ಕೂ ನಡುವಿನ ಹತ್ತು ನಿಮಿಷ. ವಿಷಯ ಬಂಗಾಳದ ಸುಲ್ತಾನರು. ಪ್ರತಿ ವರ್ಷವೂ ಅವರು ಮೊದಲಿನಿಂದ ಶುರು ಮಾಡುತ್ತಿದ್ದರು, ಹೊಸದಾಗಿ ಬಂದವರಿಗೆ ಹಿಂದಿನದು ಗೊತ್ತಿರುವುದಿಲ್ಲವಲ್ಲ. ಇಲಿಯಾಸ್ ಶಹಾ ಕೋಟೆ ಹೊಕ್ಕುವಷ್ಟರಲ್ಲಿ ಯಾರೋ ಒಬ್ಬರು ಬಿಸಿಬೇಳೆಭಾತ್ ತಣ್ಣಗಾಗುತ್ತಿದೆ ಎಂದು ಕೂಗುತ್ತಿದ್ದರು, ಅಲ್ಲಿಗೆ ಸಭೆ ಖಾಲಿ. ಒಂದು ವರ್ಷ ಓಡೋಡಿ ಜಿರಾಫೆಯ ತನಕ ಬಂದಿದ್ದರು. ಬಂಗಾಳದ ಸುಲ್ತಾನ ಚೀನಾದ ಚಕ್ರವರ್ತಿಗೆ ಹಡಗಿನಲ್ಲಿ ಜಿರಾಫೆ ಕಾಣಿಕೆ ಕಳಿಸಿದ್ದನಂತೆ. ನಿಧಿ ಎದ್ದು ನಿಂತು, ‘ಬಟ್ ಅಂಕಲ್, ಹೌ ಡಿಡ್ ದೇ ಫಿಟ್ ದ ನೆಕ್?’ ಎಂದಳು. ಜಿರಾಫೆಯ ಕತ್ತನ್ನು ಹಡಗಿನಲ್ಲಿ ಹೊಂದಿಸುವ ವಿಚಾರದಲ್ಲೇ ಉಳಿದ ಸಮಯ ಮುಗಿದುಹೋಯಿತು.

‘ಒಮ್ಮೆ ಹುಸೇನ್ ಶಹಾನ ತನಕ ಮುಟ್ಟಬೇಕ್ರಿ ವೀಣಾ ಬಾಯಿ’ ಎಂದು ಅವತ್ತು ಪಾತ್ರೆ ತೊಳೆಯುತ್ತಾ ಹೇಳಿದರು. ‘ಅಂವ ಬರೂತನಕ ಬರೇ ಕಡದಾಟ. ಮಂದಿ ಅಷ್ಟ ಕೇಳಿ ಎದ್ದು ಹೋಗ್ತಾರ. ಬಂಗಾಳ ಅಂದ್ರ ಕುತ್ತಿಗಿ ಕೊಯ್ಯೂದು ಅಂತ ತಿಳಕೊಂಡು ಮನಿಗೆ ಹೋಗ್ತಾರ. ಒಂದು ರಾಜ್ಯದ ಬಗ್ಗೆ ಇಷ್ಟು ಮಂದಿಗೆ ನಾನ ಅರ್ಧಾ ಹೇಳಿ ಕಳಿಸೀನಲ್ಲ, ನನಗ ನಿದ್ದಿ ಬರೂದಿಲ್ರಿ.’ ನನಗೆ ಆಗ ನಗು ಬಂತು. ಐದುನೂರು ವರ್ಷದ ಹಿಂದೆ ಸತ್ತವನ ಮಾನಕ್ಕಾಗಿ ಇಲ್ಲಿ ಶುಗರ್ ಲ್ಯಾಂಡಿನಲ್ಲಿ ಒಬ್ಬರು ನಿದ್ದೆ ಕೆಡಿಸಿಕೊಂಡಿದ್ದಾರಲ್ಲ ಎಂದು. ಆದರೆ ಅವರ ಮುಖ ನೋಡಿ, ತೊಳೆದ ಪಾತ್ರೆಗಳನ್ನು ಒರೆಸತೊಡಗಿದೆ.

ಮುಂದಿನ ವರ್ಷದ ಸಂಘದ ಮಹಾಸಭೆಯಲ್ಲಿ ಅಧ್ಯಕ್ಷಗಿರಿಗೆ ಇಬ್ಬರು ನಿಂತರು. ಒಬ್ಬರು ಕ್ಲಿಯರ್ ಲೇಕ್‌ನ ರಮೇಶ್, ರಾಕೆಟ್ ಎಂಜಿನಿಯರ್, ಬೆಂಗಳೂರಿನವರು. ಇನ್ನೊಬ್ಬರು ಶುಗರ್ ಲ್ಯಾಂಡಿನ ಪಾಟೀಲರು, ತೈಲದ ಕಂಪನಿಯವರು, ಬೆಳಗಾವಿ ಕಡೆಯವರು. ಜಗಳ ತತ್ತ್ವದ್ದೇನೂ ಅಲ್ಲ. ಕಾರ್ಯಕ್ರಮ ಕ್ಲಿಯರ್ ಲೇಕ್‌ನಲ್ಲಿ ಆದರೆ ಇಲ್ಲಿಯವರು ಅಷ್ಟು ದೂರ ಡ್ರೈವ್ ಮಾಡಬೇಕು, ಇಲ್ಲಿ ಆದರೆ ಅಲ್ಲಿಯವರು. ಇಬ್ಬರೂ ಒಂದೇ ಮೈಕನ್ನು ಎರಡು ಕಡೆಯಿಂದ ಹಿಡಿದುಕೊಂಡು ವಾದ ಮಾಡುತ್ತಿದ್ದರು. ಹಿಂದೆ ಅಧ್ಯಕ್ಷರ ಕುರ್ಚಿ ಖಾಲಿ ಇತ್ತು, ಕೆಂಪು ವೆಲ್ವೆಟ್ಟಿನದು, ಯಾರದೋ ಮದುವೆ ಮಂಟಪದಿಂದ ಉಳಿದು ಸಂಘಕ್ಕೆ ಬಂದದ್ದು.

ಇನಾಮದಾರರು ಮೆಲ್ಲಗೆ ಎದ್ದು, ಪಂಚೆ ಸರಿಮಾಡಿಕೊಂಡು, ವೇದಿಕೆ ಹತ್ತಿ ಆ ಕುರ್ಚಿಯಲ್ಲಿ ಕೂತರು. ಯಾರ ಮನೆಯ ಕುರ್ಚಿಗೂ ಅಪಾಯ ತರದ ಮನುಷ್ಯ ಕೂತದ್ದು ನೋಡಿ ನನಗೆ ಒಂದು ಕ್ಷಣ ಗಾಬರಿಯಾಯಿತು.

‘ಸರ್, ಏನಿದು?’ ಎಂದರು ರಮೇಶ್.

‘ಕೂತೀನ್ರಿ’ ಎಂದರು ಇನಾಮದಾರರು. ‘ಬಂಗಾಳದ ಪದ್ಧತಿ ಪ್ರಕಾರ ಈಗ ನಾ ಅಧ್ಯಕ್ಷ. ಯಾರ್ನೂ ಕೊಂದಿಲ್ಲ, ಅದೊಂದು ಸುಧಾರಣಾ ಮಾಡೀನಿ. ಒಂದು ವರ್ಷ ಹ್ಯಾಂಗರೆ ನಡಸ್ತೀನಿ. ಊಟಕ್ಕ ಏಳ್ರಿ.’

ಹಸಿದ ಸಭೆ ಚಪ್ಪಾಳೆ ತಟ್ಟಿತು. ತನಗೆ ಸಿಗದಿದ್ದರೂ ಅವನಿಗೆ ಸಿಗಲಿಲ್ಲವಲ್ಲ ಎಂಬ ಸಮಾಧಾನದಲ್ಲಿ ರಮೇಶರೂ ಪಾಟೀಲರೂ ಒಪ್ಪಿದರು.

ಅಧ್ಯಕ್ಷರಾದ ಕೂಡಲೇ ಅವರು ಹೊರಡಿಸಿದ ಮೊದಲ ಫರ್ಮಾನು: ಈ ಸಲದ ರಾಜ್ಯೋತ್ಸವ ಹ್ಯೂಸ್ಟನ್, ಡಲ್ಲಾಸ್, ಆಸ್ಟಿನ್ ಮೂರೂ ಊರಿನ ಕನ್ನಡಿಗರದು, ಒಂದೇ ಕಡೆ. ಇಲಿಯಾಸ್ ಶಹಾನೂ ಮೂರು ಊರು ಕೂಡಿಸಿಯೇ ಬಂಗಾಳ ಕಟ್ಟಿದ್ದನಂತೆ. ಎರಡನೆಯದು: ಊಟಕ್ಕೆ ಮೊದಲು ಪೂರ್ತಿ ಒಂದು ಗಂಟೆ ಅಧ್ಯಕ್ಷರ ಭಾಷಣ. ರಾಜ್ಯೋತ್ಸವದ ದಿನ ಬಂಗಾಳದ ಸುಲ್ತಾನರು ಯಾಕೆ ಸರ್ ಎಂದು ರಮೇಶ್ ಗೊಣಗಿದರು. ‘ಹೋದ ಸಲ ನೀವು ರಾಕೆಟ್ ಬಗ್ಗೆ ಸ್ಲೈಡ್ ತೋರಿಸಿದ್ರಿ. ಅದರಾಗ ಯಾವ ಭಾಗ ಕನ್ನಡದ್ದಿತ್ತು, ಹೇಳ್ರಿ’ ಎಂದರು ಇನಾಮದಾರರು.

ಆ ದಿನ ಬೆಳಿಗ್ಗೆ ಇನಾಮದಾರರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಮದುಮಗನ ಹಾಗೆ ಓಡಾಡುತ್ತಿದ್ದರು. ಎಲ್ಲ ಸರಿಯಾಗಿಯೇ ನಡೆದಿತ್ತು, ಡಲ್ಲಾಸಿನವರ ನೃತ್ಯ ಮುಗಿಯುವುದೇ ಇಲ್ಲ ಎಂದು ಗೊತ್ತಾಗುವವರೆಗೆ. ದಶಾವತಾರದ ನೃತ್ಯ ಅದು, ಒಂದೊಂದು ಅವತಾರಕ್ಕೂ ಬಟ್ಟೆ ಬದಲಿಸುತ್ತಿದ್ದರು. ಅದರ ಮುಂದಾಳು, ಸೌತ್‌ಲೇಕ್‌ನ ಒಬ್ಬ ಗತ್ತಿನ ಹೆಂಗಸು, ‘ಆಸ್ಟಿನ್ ಅವರ ಕಾಯರ್ ಕಟ್ ಮಾಡಿ, ಟೈಮ್ ಇಲ್ಲ’ ಎಂದು ಅಪ್ಪಣೆ ಮಾಡಿಬಿಟ್ಟರು. ಆಸ್ಟಿನ್ನಿನಿಂದ ಹಾಡಲು ಬಂದಿದ್ದವರು ಸಿಟ್ಟಿನಿಂದ ಹಾರ್ಮೋನಿಯಂ ಎತ್ತಿಕೊಂಡು ಪಾರ್ಕಿಂಗ್ ಲಾಟಿಗೆ ನಡೆದರು. ಇನಾಮದಾರರು ಕೋಟು ಹಾರಿಸಿಕೊಂಡು ಅವರ ಹಿಂದೆ ಓಡಿದರು. ಕೈ ಹಿಡಿದು ಕರೆತಂದು, ತಮ್ಮ ಗಂಟೆಯಲ್ಲಿ ಅರ್ಧ ಗಂಟೆ ಕೊಟ್ಟು ಹಾಡಿಸಿದರು.

‘ಅಂಕಲ್, ನಿಮ್ಮ ಟೈಮ್ ಯಾಕೆ ಕೊಟ್ರಿ? ವರ್ಷಾನುಗಟ್ಟಲೆ ಕಾದಿದ್ದೀರಿ!’ ಎಂದು ನಾನು ರೇಗಿದೆ. ನಿಜವಾಗಿ ಕೋಪ ಬಂದಿತ್ತು.

‘ಕಾರಣ ಅದ. ಈಗ ಹೇಳಬಾರದು. ಅದು ಹುಸೇನ್ ಶಹಾನ ಭಾಗದಾಗ ಬರ್ತದ.’

ಉಳಿದ ಅರ್ಧ ಗಂಟೆಯಲ್ಲಿ ಅವರು ಮಾತಾಡಿದ ರಭಸ ನಾನು ಮತ್ತೆಲ್ಲೂ ಕಂಡಿಲ್ಲ. ಇಲಿಯಾಸ್ ಶಹಾ ಒಂದೇ ಉಸಿರಿನಲ್ಲಿ ಕೋಟೆ ಹೊಕ್ಕು ಹೊರಬಂದ. ಜಿರಾಫೆಗೆ ಒಂದು ವಾಕ್ಯ. ನಡುವೆ ರಾಜಾ ಗಣೇಶನೆಂಬ ಹಿಂದೂ ಜಮೀನ್ದಾರ ಗಾದಿಯನ್ನು ಹಿಡಿದದ್ದು, ಅವನ ಮಗನೇ ಮತ ಬದಲಿಸಿ ಸುಲ್ತಾನನಾದದ್ದು ಎರಡು ವಾಕ್ಯದಲ್ಲಿ ಮುಗಿಯಿತು. ಆಮೇಲೆ ಹಬ್ಶಿಗಳ ಕಾಲ ಬಂತು. ಇವರು ಆಫ್ರಿಕದಿಂದ ಬಂದು ಅರಮನೆಯ ಕಾವಲಿಗೆ ನಿಂತವರು, ಒಬ್ಬರ ಮೇಲೊಬ್ಬರು ಗಾದಿ ಹತ್ತಿದರು. ಸಭೆಗೂ ಕುತೂಹಲ ಹತ್ತಿತ್ತು. ಅಡುಗೆ ಮನೆಯ ಸ್ವಯಂಸೇವಕರು ಕೂಡ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಿದ್ದರು. ‘ಯಾರು ಗಾದಿ ಮ್ಯಾಲೆ ಕೂತಾರೋ ಅವರ ಸುಲ್ತಾನ! ಎಲ್ಲಾರೂ ಸಲಾಮು ಹೊಡೀಬೇಕು! ಹಿಂಗಿರುವಾಗ, ಬಂಧುಗಳೇ, ಒಬ್ಬ ವಜೀರ ಎದ್ದು ನಿಂತ. ಅವನ ಹೆಸರ...’

ಆಗ ಸುಧಾ ಆಂಟಿ ಬಂದರು. ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ, ಹಸಿರು ಬಟ್ಟೆಯಲ್ಲೇ ನೇರವಾಗಿ ಬಂದಿದ್ದರು. ಸಭಾಂಗಣದಲ್ಲಿ ಕೂರಲು ಜಾಗವಿರಲಿಲ್ಲ. ಅಧ್ಯಕ್ಷರ ಮನೆಯವರಲ್ಲವೇ ಎಂದು ಪಾಟೀಲರು ಮರ್ಯಾದೆಯಿಂದ ಅವರನ್ನು ಪಕ್ಕದ ಮೆಟ್ಟಿಲಿನಿಂದ ವೇದಿಕೆಗೆ ಹತ್ತಿಸಿದರು. ಅಲ್ಲಿ ಖಾಲಿ ಇದ್ದದ್ದು ಒಂದೇ, ಕೆಂಪು ವೆಲ್ವೆಟ್ಟಿನ ಕುರ್ಚಿ. ಆಂಟಿ ಉಸ್ಸಪ್ಪಾ ಎಂದು ಅದರಲ್ಲಿ ಕೂತು ಕಾಲಿನಿಂದ ಬೂಟು ಕಳಚಿದರು.

ಸಭೆಗೆ ಸಭೆಯೇ ಹೋ ಎಂದಿತು. ಇನಾಮದಾರರು ತಮ್ಮ ಮಾತಿಗೇ ನಗುತ್ತಿದ್ದಾರೆ ಎಂದುಕೊಂಡು ಇನ್ನೂ ಉತ್ಸಾಹದಿಂದ ಕೈ ಎತ್ತಿದರು. ಆಮೇಲೆ ತಿರುಗಿ ನೋಡಿದರು. ಕೈ ಮೇಲೆಯೇ ನಿಂತಿತು.

ಬೇರೆ ಯಾರೇ ಆಗಿದ್ದರೂ ನಕ್ಕು ಮುಂದುವರಿಸುತ್ತಿದ್ದರು. ಇನಾಮದಾರರು ಹಾಗಲ್ಲ. ಮೈಕ್ ಕೆಳಗಿಳಿಸಿ, ಹೆಂಡತಿಯ ಮುಂದೆ ಹೋಗಿ ಬಗ್ಗಿ ಸಲಾಮು ಮಾಡಿ, ‘ಅಪ್ಪಣಿ ಆಗಲಿ, ಹುಜೂರ್’ ಎಂದರು.

ಆಂಟಿಗೆ ಯಾವುದರ ತಲೆಬುಡವೂ ಗೊತ್ತಿಲ್ಲ. ಮುಂದಿನ ಸಾಲಿನಲ್ಲಿ ಆಕಳಿಸುತ್ತಿದ್ದ ಮಕ್ಕಳನ್ನು ನೋಡಿ, ‘ಕೂಸುಗಳು ಹಸದಾವು. ಮೊದಲ ಊಟಾ ಹಾಕ್ರಿ’ ಎಂದರು.

‘ಹುಕುಂ’ ಎಂದರು ಇನಾಮದಾರರು. ಸಭೆ ಎದ್ದಿತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಸಾರಿನ ಬಕೆಟ್ ಹಿಡಿದು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಅವತ್ತಿನಿಂದ ವರ್ಷ ಮುಗಿಯುವವರೆಗೆ ಅವರು ಆ ಕುರ್ಚಿಯಲ್ಲಿ ಕೂರಲಿಲ್ಲ. ಸಂಘದ ಇಮೇಲ್‌ಗಳ ಕೊನೆಯಲ್ಲಿ ‘ಡಾ. ಸುಧಾ ಇನಾಮದಾರರ ಪರವಾಗಿ, ವಜೀರ ಬಿಂದುರಾವ್’ ಎಂದು ಹಾಕುತ್ತಿದ್ದರು.

ಮುಂದೆ ಆಂಟಿಗೆ ಡಲ್ಲಾಸಿನ ಕಡೆ ಕೆಲಸವಾಯಿತು. ‘ಬಂಗಾಳ ಸೋತಿತ್ರಿ, ದಿಲ್ಲಿಗೆ ಹೊಂಟೀವಿ’ ಎಂದು ಮನೆ ಮನೆಗೆ ಹೋಗಿ ಹೇಳಿ ಬಂದರು. ಸೌತ್‌ಲೇಕ್‌ನಲ್ಲಿ ಮನೆ ಮಾಡಿದರು. ಫೋನಿನಲ್ಲಿ ಮಾತ್ರ ಸಿಗುತ್ತಿದ್ದರು. ಕೆಲವು ವರ್ಷಗಳ ಮೇಲೆ ಅವರಿಗೆ ಹೃದಯದ ಆಪರೇಷನ್ ಆಯಿತೆಂದು ಕೇಳಿ, ಆಫೀಸಿನ ಕೆಲಸಕ್ಕೆ ಡಲ್ಲಾಸಿಗೆ ಹೋದವಳು ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ.

ಬಹಳ ಇಳಿದುಹೋಗಿದ್ದರು. ಅಂಗಿ ಮೈ ಮೇಲೆ ತೂಗುತ್ತಿತ್ತು. ಅವರ ಎದುರಿನ ಕುರ್ಚಿಯಲ್ಲಿ ಕೂರುವ ಮೊದಲು ನಾನು, ‘ಇದರಲ್ಲಿ ದಿನಾ ಯಾರು ಕೂರ್ತಾರೆ ಅಂಕಲ್?’ ಎಂದು ಕೇಳಿದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ, ನಕ್ಕು ನಕ್ಕು ಎದೆಯ ಹೊಲಿಗೆಯನ್ನು ಕೈಯಿಂದ ಒತ್ತಿ ಹಿಡಿದುಕೊಂಡರು.

‘ಅಂಕಲ್, ಇವತ್ತು ನನಗೆ ಮೀಟಿಂಗ್ ಇಲ್ಲ, ಊಟ ಆಗಿದೆ, ಯಾರೂ ಎಬ್ಬಿಸಲ್ಲ. ಹುಸೇನ್ ಶಹಾನ ಕಥೆ ಹೇಳಿ’ ಎಂದೆ.

ಅವರು ಅಡುಗೆಮನೆಯ ಕಡೆ ನೋಡಿ, ದನಿ ತಗ್ಗಿಸಿದರು. ‘ಹೇಳೂದಕ್ಕ ಏನೂ ಇಲ್ರಿ.’

‘ಅಂದ್ರೆ?’

‘ಗಡಿ ಮ್ಯಾಲೆ ಒಂದಿಷ್ಟು ಯುದ್ಧ ಅದಾವ, ಅದು ಬಿಡ್ರಿ. ಊರಾಗ ಏನಾತು? ಏನೂ ಆಗ್ಲಿಲ್ಲ. ಮಂದಿ ಉಂಡ್ರು, ಮಲಗಿದ್ರು, ಹಾಡಿದ್ರು. ಅವನ ಆಸ್ಥಾನದಾಗ ಹಿಂದೂ ಅಧಿಕಾರಿಗಳಿದ್ರು, ಅವನ ಮೈಗಾವಲಿಗೆ ಹಿಂದೂನ ಇದ್ದ, ಅವನ ಡಾಕ್ಟರೂ ಹಿಂದೂ. ತನ್ನ ಜೀವಾನ ಅವರ ಕೈಯಾಗಿಟ್ಟು ಗಡದ್ದಾಗಿ ನಿದ್ದಿ ಮಾಡಿದ. ಜೌನಪುರದ ಸುಲ್ತಾನ, ಭಾರಿ ಹಾಡುಗಾರ, ದಿಲ್ಲಿಯವರು ಅವನ್ನ ಓಡಿಸಿದ್ರು. ಇಂವ ಕರದು ಜಾಗಾ ಕೊಟ್ಟ. ಅದಕ್ಕ ದಿಲ್ಲಿ ಫೌಜು ಬಂತು, ಮಾತಾಡಿ ರಾಜಿ ಮಾಡಿ ಕಳಿಸಿದ. ಇಷ್ಟ.’

ಆಸ್ಟಿನ್ನಿನ ಹಾರ್ಮೋನಿಯಂ ನನಗೆ ಆಗ ನೆನಪಾಯಿತು.

‘ಚಲೋ ರಾಜಾನ ಕಾಲದಾಗ ಕಥಿ ಇರೂದಿಲ್ರಿ ವೀಣಾ ಬಾಯಿ. ಹತ್ತು ನಿಮಿಷಕ್ಕ ಮುಗೀತದ. ಅವತ್ತ ನನಗ ಪೂರಾ ಒಂದು ತಾಸು ಸಿಕ್ಕಿದ್ರ ನನ್ನ ಮಾನಾ ಹೋಗ್ತಿತ್ತು. ಅಕಿ ಬಂದು ಕೂತು ಉಳಿಸಿದ್ಲು. ಆದ್ರ ಏನೂ ಆಗ್ಲಿಲ್ಲ ಅನ್ನೂದನ್ನ ಒಮ್ಮೆ ಮಂದಿಗೆ ನಿಂತು ಹೇಳಬೇಕಂತ ಆಸೆ ಇತ್ತು ನೋಡ್ರಿ. ಅದೊಂದು ಉಳೀತು.’

ಅವರು ಹೋದದ್ದು ಅದೇ ಚಳಿಗಾಲದಲ್ಲಿ. ಹ್ಯೂಸ್ಟನ್ನಿನ ಸಂಘದಲ್ಲಿ ಒಂದು ಭಾನುವಾರ ಸಭೆ ಸೇರಿದೆವು. ಪಾಟೀಲರೂ ರಮೇಶರೂ ಒಂದೇ ಕಾರಿನಲ್ಲಿ ಬಂದಿದ್ದರು. ಆಸ್ಟಿನ್ನಿನ ಹಾಡುಗಾರರು, ಡಲ್ಲಾಸಿನ ಆ ಗತ್ತಿನ ಹೆಂಗಸು, ಹಿಂದಿನ ಸಾಲಿನಲ್ಲಿ ಶಫೀಕ್ ಭಾಯಿ. ವೇದಿಕೆಯ ಮೇಲೆ ಅವರ ಫೋಟೋ, ಮೈಕು, ಪಕ್ಕದಲ್ಲಿ ಅದೇ ಕೆಂಪು ಕುರ್ಚಿ. ಮಾತಾಡಲು ನನ್ನನ್ನು ಕರೆದರು. ಹುಸೇನ್ ಶಹಾನ ಭಾಗವನ್ನು ಇವತ್ತು ಹೇಳಿಯೇಬಿಡುವುದೆಂದು ನಾನು ಸಿದ್ಧಳಾಗಿ ಬಂದಿದ್ದೆ, ಅದನ್ನು ಸುಧಾ ಆಂಟಿಗೂ ಹೇಳಿದ್ದೆ. ಬೆಳಗಿನಿಂದ ನಿಂತೇ ಇದ್ದರಲ್ಲ ಎಂದು ಕುರ್ಚಿ ತೋರಿಸಿ, ‘ಕೂತ್ಕೊಳ್ಳಿ ಆಂಟಿ’ ಎಂದೆ.

ಆಂಟಿ ಕುರ್ಚಿಯನ್ನು ನೋಡಿದರು, ಫೋಟೋ ನೋಡಿದರು.

‘ಬ್ಯಾಡವಾ. ನಾ ಕೂತ್ರ ಅವರು ಮಾತು ನಿಲ್ಲಸ್ತಾರ. ಇವತ್ತರೆ ಮುಗಸ್ಲಿ’ ಎಂದು ನಿಂತೇ ಇದ್ದರು.

ನಾನು ಹೇಳಿ ಮುಗಿಸುವವರೆಗೆ ಅಡುಗೆ ಮನೆಯಲ್ಲಿ ಬಿಸಿಬೇಳೆಭಾತ್ ತಣ್ಣಗಾಯಿತು. ಯಾರೂ ಕೂಗಲಿಲ್ಲ.